ಕಡಲಾಚೆಗೂ ಕೈಯಲ್ಲಿ ಸ್ವಂತ ದುಡ್ಡಿರಲಿ

ಬೆಳ್ಳಾವಿ ಹೋಬಳಿಯಿಂದ ಪರದೇಶಕ್ಕೆ ಹೋಗುವವರು ಈಗ ಎಂಜಿನಿಯರುಗಳು ಮಾತ್ರವಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಜರ್ಮನಿಗೋ ಹೊರಡುವ ಅಮ್ಮಂದಿರಿದ್ದಾರೆ. ಗೊಬ್ಬರದ ಮಾರಾಟ ಗುರಿ ಮುಟ್ಟಿತೆಂದು ಕಂಪನಿಯವರೇ ಬ್ಯಾಂಕಾಕಿಗೆ ಕರೆದೊಯ್ಯುವ ಅಂಗಡಿಯವರಿದ್ದಾರೆ. ಕಾಶಿ, ಗಯೆ ಮುಗಿಸಿ ಹಾಗೆಯೇ ನೇಪಾಳಕ್ಕೆ ದಾಟಿ ಪಶುಪತಿನಾಥನಿಗೆ ಕೈಮುಗಿದು ಬರುವ ಯಾತ್ರಿಕರಿದ್ದಾರೆ. ಹಜ್‌ಗೆ, ಉಮ್ರಾಗೆ ಹೋಗುವ ಹಿರಿಯರಿದ್ದಾರೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲೂ ಇದೇ ಕಥೆ. ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ವಿಮಾನ ನಿಲ್ದಾಣ ಸೇರುವ ದಾರಿ ಇಲ್ಲಿನ ಬಾಡಿಗೆ ಕಾರಿನ ಚಾಲಕರಿಗೆ ಬಾಯಿಪಾಠವಾಗಿದೆ.

ಹೊರಡುವ ಮನೆಯಲ್ಲಿ ತಿಂಗಳ ಮುಂಚಿನಿಂದಲೇ ಸಡಗರ. ವೀಸಾ ಸಂದರ್ಶನಕ್ಕೆ ಓಡಾಟ, ಬಾಣಂತಿಗೆ ಅಂಟಿನುಂಡೆ, ಸಾರಿನ ಪುಡಿ, ಹುಣಸೆ ತೊಕ್ಕು, ಪೆಟ್ಟಿಗೆಯನ್ನು ಮತ್ತೆ ಮತ್ತೆ ತಕ್ಕಡಿಗೆ ಏರಿಸಿ ಇಳಿಸುವುದು. ದುಡ್ಡಿನ ಮಾತು ಬರುವುದು ಕಟ್ಟಕಡೆಗೆ. ಅದೂ ಹೀಗೆ: ‘ನಿಮಗ್ಯಾಕಕ್ಕಾ ದುಡ್ಡು? ಅಲ್ಲೆಲ್ಲಾ ಮಗಳೇ ನೋಡ್ಕೋತಾಳೆ ಬಿಡಿ.’ ಈ ಮಾತಿನಲ್ಲಿ ಪ್ರೀತಿ ಇದೆ, ನಿಜ. ಆದರೆ ಡೇರಿಯ ಹಾಲಿನ ದುಡ್ಡು, ಕೊಬ್ಬರಿ ದುಡ್ಡು, ಸ್ತ್ರೀಶಕ್ತಿ ಸಂಘದ ಕಂತು ಎಲ್ಲದರ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡು ಮೂವತ್ತು ವರ್ಷ ಮನೆ ನಡೆಸಿದ ಹೆಂಗಸು, ಆರು ತಿಂಗಳ ಕಾಲ ಒಂದು ಡಜನ್ ಬಾಳೆಹಣ್ಣಿಗೂ ಮಗಳ ಮುಖ, ಅಳಿಯನ ಮುಖ ನೋಡುವ ಸ್ಥಿತಿಗೆ ಬರುವುದನ್ನು ನಾನು ಸಣ್ಣ ಸಂಗತಿ ಎಂದುಕೊಳ್ಳುವುದಿಲ್ಲ. ಮೊಮ್ಮಗುವಿಗೊಂದು ಆಟಿಕೆ ಕೊಡಿಸಬೇಕೆನಿಸಿದರೆ ಕೊಡಿಸಲಾಗಬೇಕು. ದಾರಿ ತಪ್ಪಿದರೆ ಟ್ಯಾಕ್ಸಿ ಹಿಡಿದು ಮನೆ ಸೇರಲಾಗಬೇಕು. ಪರದೇಶದಲ್ಲಿ ದುಡ್ಡು ಕೊಡುವ ವಿದ್ಯೆ ಪ್ರಯಾಣಿಕರ ಮಾನಕ್ಕೂ ಕ್ಷೇಮಕ್ಕೂ ಸೇರಿದ್ದು. ಅದನ್ನು ಊರು ಬಿಡುವ ಮೊದಲೇ ಕಲಿಯಬೇಕು, ಕಲಿಸಬೇಕು.

ಹೆಬ್ಬೆಟ್ಟು ನಡೆಯದ ಕಡೆ

ನಮ್ಮ ಹಳ್ಳಿಗಳ ಹೆಂಗಸರು ಬ್ಯಾಂಕಿಗೆ ಹೊಸಬರಲ್ಲ. 2023ರ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಶುರುವಾದ ಮೇಲಂತೂ ಖಾತೆಗೆ ದುಡ್ಡು ಬಿತ್ತೋ ಇಲ್ಲವೋ ಎಂದು ಮೊಬೈಲಿನ ಮೆಸೇಜು ನೋಡುವುದು ಮನೆಮನೆಯ ರೂಢಿಯಾಯಿತು. ಆದರೆ ದುಡ್ಡು ತೆಗೆಯುವುದು ಹೇಗೆ? ಅನೇಕರು ಪಾಸ್‌ಬುಕ್ ಹಿಡಿದು ಚೀಟಿ ಬರೆಸಿ ತೆಗೆಯುತ್ತಾರೆ. ಇಲ್ಲವೇ ಆಧಾರ್ ಸಂಖ್ಯೆ ಹೇಳಿ, ಪುಟ್ಟ ಯಂತ್ರದ ಮೇಲೆ ಬೆರಳಿಟ್ಟು, ಊರಿನ ಬ್ಯಾಂಕ್ ಮಿತ್ರನಿಂದ ಪಡೆಯುತ್ತಾರೆ. ಎಟಿಎಂ ಕಾರ್ಡ್ ಲಕೋಟೆಯೊಳಗೇ ಉಳಿದಿರುತ್ತದೆ, ಇಲ್ಲವೇ ಮಗನ ಪರ್ಸಿನಲ್ಲಿರುತ್ತದೆ. ಪಿನ್ ಏನೆಂದು ಕೇಳಿದರೆ ‘ಅವನಿಗೇ ಗೊತ್ತು ಕಣಪ್ಪ’ ಎನ್ನುತ್ತಾರೆ.

ಬೆರಳಚ್ಚಿನ ಈ ವ್ಯವಸ್ಥೆ ಭಾರತದ ಗಡಿಯೊಳಗಿನದು. ಡಲ್ಲಾಸಿನಲ್ಲಿ, ಮ್ಯೂನಿಕ್‌ನಲ್ಲಿ ಯಾರೂ ಹೆಬ್ಬೆಟ್ಟು ಕೇಳುವುದಿಲ್ಲ. ಅಲ್ಲಿ ನಡೆಯುವುದು ನೋಟು, ಕಾರ್ಡು, ಇಲ್ಲವೇ ಆ ದೇಶದ್ದೇ ಮೊಬೈಲ್ ಆ್ಯಪು. ನಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿರುವ ಸಾದಾ ರುಪೇ ಡೆಬಿಟ್ ಕಾರ್ಡ್ ದೇಶದೊಳಗಿನ ಬಳಕೆಗೆಂದು ಕೊಟ್ಟದ್ದು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಕಾರ್ಡ್ ಇದ್ದರೂ ಅದು ತಾನಾಗಿಯೇ ಪರದೇಶದಲ್ಲಿ ಕೆಲಸ ಮಾಡುವುದಿಲ್ಲ. 2020ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳನ್ನು ದೇಶದೊಳಗಿನ ಎಟಿಎಂ ಮತ್ತು ಸ್ವೈಪ್ ಯಂತ್ರಗಳಿಗೆ ಮಾತ್ರ ತೆರೆದು ಕೊಡುತ್ತಾರೆ. ಹೊರದೇಶದ ಬಳಕೆ, ಆನ್‌ಲೈನ್ ಬಳಕೆ, ಕಾರ್ಡನ್ನು ತಾಗಿಸಿ ಕೊಡುವ ಬಳಕೆ ಇವನ್ನೆಲ್ಲ ಗ್ರಾಹಕರೇ ಬ್ಯಾಂಕಿನ ಆ್ಯಪಿನಲ್ಲೋ ಎಟಿಎಂನಲ್ಲೋ ಶಾಖೆಯಲ್ಲೋ ಚಾಲೂ ಮಾಡಿಸಿಕೊಳ್ಳಬೇಕು. ದಿನಕ್ಕೆ ಇಷ್ಟೇ ಎಂಬ ಮಿತಿಯನ್ನೂ ಅಲ್ಲೇ ಹಾಕಿಕೊಳ್ಳಬಹುದು. ಕಾರ್ಡ್ ಕಳೆದರೂ ಕಳ್ಳನ ಕೈಗೆ ಎಲ್ಲವೂ ಹೋಗದಂತೆ ಮಾಡಿದ ಒಳ್ಳೆಯ ನಿಯಮ ಇದು. ತಿಳಿಯದವರಿಗೆ ಮಾತ್ರ ಪರದೇಶದ ಅಂಗಡಿಯಲ್ಲಿ, ಹಿಂದೆ ಸಾಲು ಬೆಳೆದಿರುವಾಗ, ಕಾರ್ಡ್ ನಡೆಯುವುದಿಲ್ಲ ಎಂಬ ಉತ್ತರ ಸಿಗುತ್ತದೆ.

ಇನ್ನೊಂದು ತೊಡಕು ಒಟಿಪಿ. ಬ್ಯಾಂಕಿನ ಒಟಿಪಿ ಬರುವುದು ನಮ್ಮ ಭಾರತದ ನಂಬರಿಗೆ. ಅಲ್ಲಿ ಇಳಿದ ತಕ್ಷಣ ಮಗ ಹೊಸ ಸಿಮ್ ಹಾಕಿಕೊಟ್ಟು ಹಳೆಯದನ್ನು ಡಬ್ಬಿಯಲ್ಲಿಟ್ಟರೆ ಬ್ಯಾಂಕಿನ ಬಾಗಿಲು ಮುಚ್ಚಿದಂತೆಯೇ. ಹೊರಡುವ ಮೊದಲು ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿ, ಆರು ತಿಂಗಳೂ ಅದು ಜೀವಂತ ಇರುವಂತೆ ರೀಚಾರ್ಜ್ ಮಾಡಿಸಿ, ಫೋನಿನಲ್ಲೇ ಉಳಿಸಿಕೊಳ್ಳಬೇಕು.

ಚಿನಿವಾರರ ನಾಡಿನಲ್ಲಿ

ಬೇರೆ ನಾಡಿನ ನಾಣ್ಯ ಈ ಸೀಮೆಗೆ ಹೊಸದೇನಲ್ಲ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಹಾಯುವ ಯಶವಂತಪುರದಲ್ಲಿ 1891ರಲ್ಲಿ ಹಳಿಯ ಕೆಲಸ ನಡೆಯುವಾಗ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ದೊರೆತಿವೆ. ಎರಡು ಸಾವಿರ ವರ್ಷಗಳ ಹಿಂದೆಯೇ ಯಾರೋ ಒಬ್ಬ ವರ್ತಕ ಪರದೇಶದ ಬೆಳ್ಳಿಯನ್ನು ಈ ನೆಲದಲ್ಲಿ ಸರಕಿಗೆ ಬೆಲೆಯಾಗಿ ಕೊಟ್ಟಿದ್ದ, ಇಲ್ಲಿನವರು ಒಪ್ಪಿ ತೆಗೆದುಕೊಂಡಿದ್ದರು.

ಗುಬ್ಬಿಯ ಸಂತೆಯದೇ ಒಂದು ದೊಡ್ಡ ಅಧ್ಯಾಯ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಸಂತೆಯ ಬಗ್ಗೆ ಬರೆದಿದ್ದಾನೆ. ಮಲೆನಾಡಿನ ಅಡಿಕೆ, ಮೆಣಸು ಒಂದು ಕಡೆಯಿಂದ, ಪೂರ್ವದ ಬಯಲಿನ ಬಟ್ಟೆ ಮತ್ತೊಂದು ಕಡೆಯಿಂದ ಬಂದು ಕೈಬದಲಾಗುತ್ತಿದ್ದ ಜಾಗ ಅದು. ಕಂಠೀರವ ಹಣ, ಇಕ್ಕೇರಿ ವರಹ, ಸುಲ್ತಾನಿ ವರಹ, ಕಂಪನಿಯ ರೂಪಾಯಿ ಎಲ್ಲವೂ ಒಟ್ಟಿಗೆ ಚಲಾವಣೆಯಲ್ಲಿದ್ದ ಕಾಲ. ನಾಣ್ಯ ತೂಗಿ, ಉಜ್ಜಿ ನೋಡಿ, ಒಂದಕ್ಕೆ ಇನ್ನೊಂದನ್ನು ಕೊಟ್ಟು ವಟ್ಟ ಹಿಡಿದುಕೊಳ್ಳುವ ಚಿನಿವಾರ, ಸರಾಫರಿಲ್ಲದೆ ವ್ಯಾಪಾರವೇ ಸಾಗುತ್ತಿರಲಿಲ್ಲ. ಇಂದು ಬ್ಯಾಂಕು ‘ಫಾರೆಕ್ಸ್ ಮಾರ್ಕಪ್’ ಎಂದು ಹಿಡಿದುಕೊಳ್ಳುವುದು ಅದೇ ವಟ್ಟ. ಆಗಿನವರು ಎದುರಿಗೆ ಕೂತು ಚೌಕಾಸಿ ಮಾಡುತ್ತಿದ್ದರು. ಈಗ ವಟ್ಟ ಎಷ್ಟೆಂದು ಕೇಳಿ ತಿಳಿದುಕೊಳ್ಳುವ ಅಭ್ಯಾಸವೇ ತಪ್ಪಿಹೋಗಿದೆ.

ನಮ್ಮ ರೂಪಾಯಿಯೇ ಪರದೇಶದಲ್ಲಿ ದಿನಬಳಕೆಯ ಹಣವಾಗಿದ್ದ ಕಾಲವೂ ಇತ್ತು. ಕುವೈತ್, ಬಹ್ರೇನ್, ಕತಾರ್, ದುಬೈ, ಒಮಾನ್‌ಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಅಲ್ಲಿಗೆ ನೋಟು ಸಾಗಿಸಿ, ಚಿನ್ನ ಕೊಂಡು ಕದ್ದು ತರುವ ದಂಧೆ ಬೆಳೆದಾಗ, ಆ ನೋಟುಗಳಿಗೆಲ್ಲ ವಿದೇಶಿ ವಿನಿಮಯದಲ್ಲಿ ಬೆಲೆ ತೆರುವ ಹೊರೆ ಭಾರತದ ಮೇಲೆ ಬಿತ್ತು. ಅದಕ್ಕಾಗಿ 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ಹಜ್ ಯಾತ್ರಿಕರಿಗೆಂದೂ ವಿಶೇಷ ನೋಟು ಬಂತು, 10 ಮತ್ತು 100 ರೂಪಾಯಿಯದು. ಅದನ್ನು ಸೌದಿಯಲ್ಲಿ ರಿಯಾಲಿಗೆ ಬದಲಿಸಿಕೊಳ್ಳಬಹುದಿತ್ತು, ಇಲ್ಲಿ ಚಲಾಯಿಸುವಂತಿರಲಿಲ್ಲ. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿ, ಡಾಲರಿಗೆ 4.76 ಇದ್ದದ್ದನ್ನು 7.50 ಮಾಡಿದಾಗ, ಅಲ್ಲಿಯವರೆಗೂ ಬಿಡದೆ ಉಳಿದಿದ್ದ ಕೊಲ್ಲಿಯ ನಾಡುಗಳೂ ಒಂದೊಂದಾಗಿ ನಮ್ಮ ರೂಪಾಯಿಯನ್ನು ಬಿಟ್ಟವು. ಒಮಾನ್ ಕೊನೆಯದು, 1970ರಲ್ಲಿ.

ಅದೇ ಕಾಲಕ್ಕೆ ದೇಶದ ವಿನಿಮಯ ಬೊಕ್ಕಸ ಬರಿದಾಗಿತ್ತು. ಅರವತ್ತು-ಎಪ್ಪತ್ತರ ದಶಕದಲ್ಲಿ ಓದಲು ಅಮೆರಿಕಕ್ಕೆ ಹೋದ ತಲೆಮಾರಿನವರು ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದ್ದನ್ನು ಇವತ್ತಿಗೂ ಹೇಳುತ್ತಾರೆ. ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಶುರುವಾದದ್ದು 1963ರಲ್ಲಿ. ಅಲ್ಲಿ ಓದಿ ಮೊದಮೊದಲು ಹೊರದೇಶಕ್ಕೆ ಹೋದವರ ಕಾಲ ಅದು. 1991ರಲ್ಲಿ ದೇಶದ ಚಿನ್ನವನ್ನೇ ಇಂಗ್ಲೆಂಡಿಗೆ ಸಾಗಿಸಿ ಒತ್ತೆಯಿಡಬೇಕಾಗಿ ಬಂತು. ಆ ಮೇಲೆ ಬಾಗಿಲು ತೆರೆಯುತ್ತ ಹೋಯಿತು. 1973ರ ಬಿಗಿ ಕಾನೂನು ಫೆರಾ ಹೋಗಿ, 2000ದ ಜೂನ್‌ನಿಂದ ಫೆಮಾ ಜಾರಿಗೆ ಬಂತು. 2004ರಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ 25,000 ಡಾಲರ್ ಹೊರಗೆ ಕಳಿಸಬಹುದೆಂದಾಯಿತು. ಇಂದು ಆ ಮಿತಿ 2,50,000 ಡಾಲರ್. ಕಾನೂನು ನಮ್ಮ ಮೇಲೆ ಇಷ್ಟು ನಂಬಿಕೆ ಇಟ್ಟಿರುವಾಗ ಮನೆಯವರೇ ಅಮ್ಮನ ಕೈಗೆ ಇನ್ನೂರು ಡಾಲರ್ ಕೊಡಲು ಹಿಂದೆಮುಂದೆ ನೋಡುವುದು ಸರಿಯೇ?

ನೋಟು ಎಷ್ಟು, ಕಾರ್ಡು ಎಷ್ಟು

ನೋಟಿನ ರೂಪದಲ್ಲಿ ಒಂದು ಪ್ರವಾಸಕ್ಕೆ ಸಾಮಾನ್ಯವಾಗಿ 3,000 ಡಾಲರ್ ಅಥವಾ ಅದಕ್ಕೆ ಸಮನಾದ ಬೇರೆ ಹಣವನ್ನು ಕೊಳ್ಳಬಹುದು. ಉಳಿದದ್ದನ್ನು ಕಾರ್ಡಿಗೆ ತುಂಬಿಸಿಕೊಳ್ಳಬೇಕು. ಹಜ್, ಉಮ್ರಾ ಯಾತ್ರಿಕರಿಗೆ ಈ ನೋಟಿನ ಮಿತಿಯಲ್ಲಿ ಸಡಿಲಿಕೆ ಇದೆ. 50,000 ರೂಪಾಯಿ ಮುಟ್ಟಿದರೆ ನಗದು ಕೊಟ್ಟು ವಿದೇಶಿ ಹಣ ಕೊಳ್ಳುವಂತಿಲ್ಲ, ಖಾತೆಯಿಂದಲೇ ಕೊಡಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಜೊತೆಗಿರಬೇಕು. ಹಿಂದಿರುಗಿದ ಮೇಲೆ 2,000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು, ಹೆಚ್ಚಿನದನ್ನು 180 ದಿನದೊಳಗೆ ಮಾರಬೇಕು. ನಮ್ಮ ರೂಪಾಯಿಯನ್ನು ಹೊರಗೆ ಒಯ್ಯಲು 25,000ದ ಮಿತಿ. ವಾಪಸ್ ಬಂದು ಮನೆಗೆ ಕಾರು ಹಿಡಿಯಲು ಅದರಲ್ಲಿ ಸ್ವಲ್ಪ ಇಟ್ಟುಕೊಂಡಿದ್ದರೆ ಸಾಕು.

ಡಾಲರ್ ಕೊಳ್ಳುವಾಗ ಎಲ್ಲವೂ ನೂರರ ನೋಟಾಗಿರಬಾರದು. ಅಮೆರಿಕದ ಸಣ್ಣ ಅಂಗಡಿಗಳಲ್ಲಿ ಐವತ್ತು, ನೂರರ ನೋಟನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ಒಂದು, ಐದು, ಹತ್ತು, ಇಪ್ಪತ್ತರವು ಬೇಕು. ನೋಟನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ಗಂಟಿನಲ್ಲಿಡುವುದು, ಪೆನ್ನಿನಿಂದ ಲೆಕ್ಕ ಗೀಚುವುದು ಬೇಡ. ಏಷ್ಯಾದ ಹಲವು ಕಡೆ ಹಣ ಬದಲಿಸುವವರು ಗೀಟು ಬಿದ್ದ, ಸ್ವಲ್ಪವೇ ಹರಿದ ಡಾಲರ್ ನೋಟನ್ನು ಮುಟ್ಟುವುದಿಲ್ಲ, ಮುಟ್ಟಿದರೂ ಕಡಿಮೆ ದರ ಕೊಡುತ್ತಾರೆ. ವಿಮಾನ ನಿಲ್ದಾಣದೊಳಗಿನ ಕೌಂಟರುಗಳಲ್ಲಿ, ಇಲ್ಲಿಯದಾಗಲಿ ಅಲ್ಲಿಯದಾಗಲಿ, ದರ ಸಾಮಾನ್ಯವಾಗಿ ಕೆಟ್ಟದಾಗಿರುತ್ತದೆ. ತುಮಕೂರಿನಲ್ಲೋ ಬೆಂಗಳೂರಿನಲ್ಲೋ ವಾರದ ಮುಂಚೆ ನಾಲ್ಕು ಕಡೆ ವಿಚಾರಿಸಿ ಕೊಂಡರೆ ಉಳಿಯುವ ದುಡ್ಡು ಸಣ್ಣದಲ್ಲ.

ಕಾರ್ಡಿನ ಲೆಕ್ಕವನ್ನು ಬಿಡಿಸಿ ನೋಡೋಣ. ಬಹಳ ಬ್ಯಾಂಕುಗಳ ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡುಗಳಲ್ಲಿ ಹೊರದೇಶದ ಖರೀದಿಗೆ ನೂರಕ್ಕೆ ಮೂರೂವರೆಯಷ್ಟು ವಟ್ಟ ಹಿಡಿಯುತ್ತಾರೆ, ಆ ವಟ್ಟದ ಮೇಲೆ 18ರಷ್ಟು ಜಿಎಸ್‌ಟಿ. ಅಂದರೆ ಒಂದು ಲಕ್ಷ ರೂಪಾಯಿ ಬೆಲೆಯ ಖರೀದಿಗೆ 3,500 ಮತ್ತು 630, ಒಟ್ಟು 4,130 ರೂಪಾಯಿ ಹೆಚ್ಚಿಗೆ. ಇದಕ್ಕಿಂತ ಕಡಿಮೆ ವಟ್ಟದ, ವಟ್ಟವೇ ಇಲ್ಲದ ಕಾರ್ಡುಗಳೂ ಇವೆ, ಕೇಳಿ ಪಡೆಯಬೇಕು. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ. ಶುಲ್ಕ ಬೇರೆ, ಅದೇ ದಿನದಿಂದ ಬಡ್ಡಿ ಬೇರೆ.

ಮೊದಲ ಸಲ ಹೋಗುವ ಹಿರಿಯರಿಗೆ ನನ್ನ ಆಯ್ಕೆ ಫಾರೆಕ್ಸ್ ಕಾರ್ಡ್. ಮೊದಲೇ ದುಡ್ಡು ತುಂಬಿದ ಕಾರ್ಡ್ ಇದು. ತುಂಬಿದ ದಿನದ ದರವೇ ಖಾಯಂ, ಆ ಮೇಲೆ ರೂಪಾಯಿ ಕುಸಿದರೂ ಆತಂಕವಿಲ್ಲ. ಊರಿನ ಉಳಿತಾಯ ಖಾತೆಗೆ ಇದಕ್ಕೆ ನೇರ ಸಂಬಂಧವಿಲ್ಲದ್ದರಿಂದ ಕಳೆದುಹೋದರೂ ಅಪಾಯ ಅದರಲ್ಲಿದ್ದಷ್ಟಕ್ಕೇ. ಖಾಲಿಯಾದರೆ ಇಲ್ಲಿಂದ ಮತ್ತೆ ತುಂಬಿಸಬಹುದು. ಒಂದೇ ಎಚ್ಚರಿಕೆ: ಹೋಗುವ ದೇಶದ ಹಣವನ್ನೇ ತುಂಬಿಸಬೇಕು. ಡಾಲರ್ ತುಂಬಿದ ಕಾರ್ಡನ್ನು ಜರ್ಮನಿಯಲ್ಲಿ ಉಜ್ಜಿದರೆ ಡಾಲರಿನಿಂದ ಯೂರೋಗೆ ಬದಲಿಸಲು ಮತ್ತೊಂದು ಶುಲ್ಕ. ಯೂರೋ ಇಂದು 21 ದೇಶಗಳಲ್ಲಿ ನಡೆಯುತ್ತದೆ. 2026ರ ಜನವರಿಯಲ್ಲಿ ಸೇರಿದ ಬಲ್ಗೇರಿಯಾ ಕೊನೆಯದು. ಆದರೆ ಸ್ವಿಟ್ಜರ್‌ಲೆಂಡಿನದು ಫ್ರಾಂಕ್, ಇಂಗ್ಲೆಂಡಿನದು ಪೌಂಡ್.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವ ಜಾಗ. ಹೊರದೇಶದ ಅಂಗಡಿಯಲ್ಲಿ ನಮ್ಮ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡ್ ಹಾಕಿದಾಗ ಯಂತ್ರದ ಪರದೆ ಒಂದು ಪ್ರಶ್ನೆ ಕೇಳುತ್ತದೆ: ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲಿ ಕೊಡುತ್ತೀರಾ? ರೂಪಾಯಿ ಎಂದು ಕಂಡಕೂಡಲೆ ಮನಸ್ಸಿಗೆ ಹಿತ, ನಮ್ಮದೇ ಲೆಕ್ಕ ಅಲ್ಲವೇ ಎಂದು ಅದನ್ನೇ ಒತ್ತುತ್ತಾರೆ. ಹಾಗೆ ಒತ್ತಿದರೆ ಬದಲಾವಣೆಯ ದರವನ್ನು ನಿಗದಿ ಮಾಡುವವರು ಅಂಗಡಿಯ ಕಡೆಯವರು, ಅವರ ಲಾಭ ಅದರೊಳಗೇ ಸೇರಿರುತ್ತದೆ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಬೇಕು. ಅಮೆರಿಕದಲ್ಲಿ ಡಾಲರ್, ದುಬೈಯಲ್ಲಿ ದಿರ್‌ಹಾಂ, ಬ್ಯಾಂಕಾಕಿನಲ್ಲಿ ಬಾತ್. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ. ಅಮ್ಮನಿಗೆ ಕಾರ್ಡ್ ಕೊಡುವಾಗ ಮತ್ತೇನು ಹೇಳದಿದ್ದರೂ ಇದೊಂದನ್ನು ಹೇಳಿಕೊಡಿ.

ಅಮೆರಿಕದ ಬಿಲ್ಲು

ನಮ್ಮಲ್ಲಿ ಪೊಟ್ಟಣದ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ, ತೆರಿಗೆ ಅದರಲ್ಲೇ ಸೇರಿದೆ. ಅಮೆರಿಕದಲ್ಲಿ ಹಾಗಿಲ್ಲ. ಅಂಗಡಿಯ ಚೀಟಿಯಲ್ಲಿರುವ ಬೆಲೆಗೆ ಬಿಲ್ಲು ಹಾಕುವಾಗ ಮಾರಾಟ ತೆರಿಗೆ ಸೇರುತ್ತದೆ, ಅದೂ ರಾಜ್ಯಕ್ಕೊಂದು ತೆರ. ಕನ್ನಡಿಗರು ಹೆಚ್ಚಾಗಿರುವ ಟೆಕ್ಸಾಸ್‌ನಲ್ಲಿ ರಾಜ್ಯದ ತೆರಿಗೆ ನೂರಕ್ಕೆ 6.25, ಸ್ಥಳೀಯ ತೆರಿಗೆಗಳು ಸೇರಿ 8.25ರವರೆಗೆ. ಅಕ್ಕಿ, ತರಕಾರಿಯಂಥ ಬಹಳಷ್ಟು ದಿನಸಿಗೆ ಅಲ್ಲಿ ತೆರಿಗೆ ಇಲ್ಲ. ಹತ್ತು ಡಾಲರಿನ ಆಟಿಕೆಗೆ ಹತ್ತರ ನೋಟು ಕೊಟ್ಟು ನಿಂತ ಅಜ್ಜಿ, ಇನ್ನೂ ಕೊಡಿ ಎಂದಾಗ ಮೋಸ ಹೋದೆನೋ ಎಂದು ಗಾಬರಿಯಾಗಬಾರದಲ್ಲ. ಹೋಟೆಲಿನಲ್ಲಿ ಬಡಿಸಿದವರಿಗೆ ನೂರಕ್ಕೆ ಹದಿನೈದರಿಂದ ಇಪ್ಪತ್ತು ಇನಾಮು ಕೊಡುವುದು ಅಲ್ಲಿ ಕಟ್ಟಳೆಯೇ ಆಗಿದೆ. ಪೆಟ್ರೋಲ್ ಪಂಪಿನ ಯಂತ್ರ ಪಿನ್‌ಕೋಡ್ ಕೇಳುತ್ತದೆ, ಅದು ಅಮೆರಿಕದ ಐದಂಕಿಯ ಪಿನ್‌ಕೋಡ್. ನಮ್ಮ ತುಮಕೂರಿನ ಆರಂಕಿ ಅಲ್ಲಿ ಹಿಡಿಸುವುದಿಲ್ಲ. ಒಳಗೆ ಹೋಗಿ ಕೌಂಟರಿನಲ್ಲಿ ಕೊಟ್ಟರೆ ಕೆಲಸ ಮುಗಿಯಿತು.

ಅಮೆರಿಕದಲ್ಲಿರುವ ಮಕ್ಕಳು ತಮ್ಮ ಕ್ರೆಡಿಟ್ ಕಾರ್ಡಿಗೆ ಅಪ್ಪ-ಅಮ್ಮನ ಹೆಸರಿನಲ್ಲಿ ಹೆಚ್ಚುವರಿ ಕಾರ್ಡ್ ಮಾಡಿಸಿಕೊಡಲು ಅವಕಾಶವಿದೆ. ಒಳ್ಳೆಯದೇ. ಆದರೂ ಅದು ಮಕ್ಕಳ ದುಡ್ಡು. ತಾನು ಕೊಬ್ಬರಿ ಮಾರಿದ ದುಡ್ಡಿನಿಂದ ಮೊಮ್ಮಗುವಿಗೆ ಅಂಗಿ ಕೊಡಿಸುವ ತೃಪ್ತಿ ಅದರಲ್ಲಿ ಸಿಗದು. ಎರಡೂ ಇರಲಿ.

ಆಸ್ಪತ್ರೆಯ ಖರ್ಚಿಗೆ ಮಾತ್ರ ಯಾವ ಕಾರ್ಡೂ ಸಾಲದು. ಅಲ್ಲಿ ತುರ್ತು ಚಿಕಿತ್ಸೆಯ ಒಂದು ಭೇಟಿಗೆ ಸಾವಿರಾರು ಡಾಲರ್ ಬಿಲ್ಲಾಗಬಹುದು. ಬಿಪಿ, ಶುಗರ್ ಇರುವವರಂತೂ ಅದನ್ನು ಮುಚ್ಚಿಡದೆ ಹೇಳಿ ವಿಮೆ ಮಾಡಿಸಿಕೊಂಡೇ ಹೋಗಬೇಕು. ಮುಚ್ಚಿಟ್ಟು ಮಾಡಿಸಿದ ವಿಮೆ ಬೇಕಾದ ಹೊತ್ತಿಗೆ ಕೈಬಿಡುತ್ತದೆ.

ಸ್ಕ್ಯಾನ್ ನಡೆಯುವ ಊರು, ನಡೆಯದ ಊರು

2016ರ ಏಪ್ರಿಲ್‌ನಲ್ಲಿ ಹುಟ್ಟಿದ ಯುಪಿಐ ಇಂದು ಸಂತೆಯ ಸೊಪ್ಪಿನ ಮೂಟೆಯ ಪಕ್ಕದಲ್ಲೂ ಇದೆ. ‘ಫೋನ್‌ಪೇ ಮಾಡ್ಲಾ ಅಣ್ಣ?’ ಎಂದು ಕೇಳಿ ಅಭ್ಯಾಸವಾದವರಿಗೆ ಪರದೇಶದಲ್ಲೂ ಹಾಗೇ ನಡೆಯುತ್ತದೆಂಬ ಭರವಸೆ. ಕೆಲವು ಕಡೆ ನಡೆಯುತ್ತದೆ. 2021ರ ಜುಲೈನಲ್ಲಿ ಭೂತಾನ್ ನಮ್ಮ ಯುಪಿಐ ಕ್ಯೂಆರ್ ಒಪ್ಪಿದ ಮೊದಲ ದೇಶವಾಯಿತು. 2023ರ ಫೆಬ್ರವರಿಯಲ್ಲಿ ಸಿಂಗಪುರದ ಪೇನೌ ಎಂಬ ಪಾವತಿ ವ್ಯವಸ್ಥೆಯ ಜೊತೆ ಕೊಂಡಿ ಕೂಡಿತು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟಿಗೂ, ಅದೇ ತಿಂಗಳು ಶ್ರೀಲಂಕಾ, ಮಾರಿಷಸ್‌ಗಳಲ್ಲೂ, ಆ ಮಾರ್ಚ್‌ನಲ್ಲಿ ನೇಪಾಳದಲ್ಲೂ ಬಂತು. ಯುಎಇಯ ಹಲವು ಅಂಗಡಿಗಳಲ್ಲೂ ಇದೆ.

ಹಾಗೆಂದು ಅದನ್ನೇ ನಂಬಿ ಹೊರಡಬಾರದು. ಆ್ಯಪಿನಲ್ಲಿ ‘ಯುಪಿಐ ಇಂಟರ್‌ನ್ಯಾಷನಲ್’ ಎಂಬುದನ್ನು ಎಷ್ಟು ದಿನಕ್ಕೆ ಬೇಕೆಂದು ಆರಿಸಿ ಚಾಲೂ ಮಾಡಿಕೊಳ್ಳಬೇಕು. ನಮ್ಮ ಬ್ಯಾಂಕು ಆ ಸೌಲಭ್ಯಕ್ಕೆ ಸೇರಿರಬೇಕು. ಅಲ್ಲಿನ ಅಂಗಡಿಯವರೂ ಸೇರಿರಬೇಕು. ಇಂಟರ್ನೆಟ್ ಇರಬೇಕು. ಅಮೆರಿಕದ ದಿನಸಿ ಅಂಗಡಿಯಲ್ಲಿ, ಜರ್ಮನಿಯ ಬೇಕರಿಯಲ್ಲಿ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಡೀಲರುಗಳ ಪ್ರವಾಸಕ್ಕೆ ಹೆಸರಾದ ಬ್ಯಾಂಕಾಕಿನಲ್ಲಿ ಬೀದಿ ಬೀದಿಗೂ ಕ್ಯೂಆರ್ ಕಾಣುತ್ತದೆ. ಅದು ಅವರ ದೇಶದ ಪ್ರಾಂಪ್ಟ್‌ಪೇ, ಅಲ್ಲಿನ ಬ್ಯಾಂಕ್ ಖಾತೆಯವರಿಗೆ. ಟುಕ್‌ಟುಕ್ಕಿಗೆ, ಎಳನೀರಿಗೆ, ರಾತ್ರಿ ಸಂತೆಗೆ ಬಾತ್ ನೋಟೇ ಬೇಕು. ಅಲ್ಲಿನ ಎಟಿಎಂನಲ್ಲಿ ಹೊರದೇಶದ ಕಾರ್ಡ್ ಹಾಕಿದರೆ ಒಂದೊಂದು ಸಲಕ್ಕೂ 220 ಬಾತ್ ಅಥವಾ ಅದಕ್ಕೂ ಹೆಚ್ಚು ಶುಲ್ಕ, ನಮ್ಮ ಬ್ಯಾಂಕಿನ ಶುಲ್ಕ ಬೇರೆ. ಐದೈದು ಸಲ ತೆಗೆಯುವ ಬದಲು ಲೆಕ್ಕ ಹಾಕಿ ಒಂದೇ ಸಲ ತೆಗೆಯುವುದು ಲೇಸು. ಲಂಡನ್ನಿನಲ್ಲಿ ಇದಕ್ಕೆ ತಿರುಗುಮುರುಗು. 2014ರ ಜುಲೈನಿಂದ ಅಲ್ಲಿನ ಸಿಟಿ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ, ಕಾರ್ಡ್ ತಾಗಿಸಿ ಹತ್ತಬೇಕು. ಕಾರ್ಡ್ ತಾಗಿಸುವ ಸೌಲಭ್ಯ ಚಾಲೂ ಇಲ್ಲದ ಕಾರ್ಡ್ ಅಲ್ಲಿ ಉಪಯೋಗಕ್ಕೆ ಬಾರದು.

ನೇಪಾಳದ ದಾರಿ ಸುಲಭ. 1993ರಿಂದಲೂ ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ ಎಂಬುದು ಕಟ್ಟಿಟ್ಟ ದರ. ಅಂಗಡಿಯವರು ಬೆಲೆ ಹೇಳಿದಾಗ ‘ಐಸಿಯೋ ಎನ್‌ಸಿಯೋ’ ಎಂದು ಕೇಳಿಬಿಡಬೇಕು. ಮೊದಲನೆಯದು ನಮ್ಮ ಹಣ, ಎರಡನೆಯದು ಅವರದು. ಕೇಳದಿದ್ದರೆ ಒಂದಕ್ಕೆ ಒಂದೂವರೆಗಿಂತ ಹೆಚ್ಚು ಕೊಟ್ಟು ಬರುವಂತಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ನೇಪಾಳ ನಮ್ಮ 200, 500, 2,000ದ ನೋಟುಗಳನ್ನು ನಿಷೇಧಿಸಿತ್ತು. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರ ವಿಚಾರಿಸಿಕೊಳ್ಳಬೇಕು. ನೂರರ ಕಟ್ಟು ಇದ್ದರೆ ಯಾವ ತಕರಾರೂ ಇಲ್ಲ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರೇ. ಕನ್ನಡದಲ್ಲಿ ಎರಡು ಮಾತಾಡುವ ಭಾಗ್ಯ ಅಲ್ಲಿ ಸಿಕ್ಕರೂ ಸಿಗಬಹುದು.

ಹಜ್ ಯಾತ್ರಿಕರ ವಿಷಯದಲ್ಲಿ ಇತ್ತೀಚೆಗೆ ದೊಡ್ಡ ಬದಲಾವಣೆ ಆಗಿದೆ. ಹಿಂದೆ ಹಜ್ ಸಮಿತಿಯ ಮೂಲಕ ಹೋಗುವವರಿಗೆ ಕಟ್ಟಿದ ಹಣದಲ್ಲೇ 2,100 ರಿಯಾಲ್ ಎಣಿಸಿ ಕೈಗೆ ಕೊಡುತ್ತಿದ್ದರು. 2023ರಿಂದ ಆ ಪದ್ಧತಿ ನಿಂತು, ರಿಯಾಲನ್ನು ಯಾತ್ರಿಕರೇ ಹೊಂದಿಸಿಕೊಳ್ಳಬೇಕಾಯಿತು. ಬೇಕಾದಷ್ಟೇ ಕೊಳ್ಳುವ ಸ್ವಾತಂತ್ರ್ಯ ಇದರಿಂದ ಬಂತು. ಹಳ್ಳಿಯ ಹಿರಿಯರಿಗೆ ಮಾತ್ರ ಹೊಸ ಜವಾಬ್ದಾರಿ. ತಿರುಮೇನಹಳ್ಳಿಯ ಹಜ್ ಭವನಕ್ಕೆ ಹೋಗುವ ದಿನದವರೆಗೂ ಕಾಯದೆ ಮುಂಚೆಯೇ ರಿಯಾಲ್ ಮತ್ತು ಒಂದು ಕಾರ್ಡ್ ಎರಡನ್ನೂ ಮಾಡಿಟ್ಟುಕೊಳ್ಳಬೇಕು. ರಿಯಾಲಿನ ಬೆಲೆ ಡಾಲರಿಗೆ 3.75 ಎಂದು ದಶಕಗಳಿಂದ ನಿಂತಿದೆ. ಡಾಲರಿನ ದರ ಗೊತ್ತಿದ್ದರೆ ರಿಯಾಲಿಗೆ ಯಾರಾದರೂ ಹೆಚ್ಚು ಕೇಳುತ್ತಿದ್ದಾರೆಯೇ ಎಂದು ಮನೆಯಲ್ಲೇ ಭಾಗಿಸಿ ನೋಡಬಹುದು.

ಪ್ಯಾಕೇಜ್ ಪ್ರವಾಸಕ್ಕೆ ದುಡ್ಡು ಕಟ್ಟುವವರು ಒಂದು ಸಾಲನ್ನು ಗಮನಿಸಬೇಕು. ಬಿಲ್ಲಿನಲ್ಲಿ ಟಿಸಿಎಸ್ ಎಂದು ಹಿಡಿದ ಹಣ ನಿಮ್ಮ ಹೆಸರಿಗೆ ಮುಂಗಡ ಕಟ್ಟಿದ ಆದಾಯ ತೆರಿಗೆ. ತೆರಿಗೆ ಬರುವಷ್ಟು ಆದಾಯ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. ಬರೀ ಕೈಖರ್ಚಿಗೆ ವಿದೇಶಿ ಹಣ ಕೊಳ್ಳುವವರಿಗೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿಯವರೆಗೆ ಈ ಹಿಡಿತವೇ ಇಲ್ಲ. ಗೊತ್ತಿಲ್ಲದ ಕಾರಣಕ್ಕೆ ಎಷ್ಟೋ ಜನ ತಮ್ಮದೇ ದುಡ್ಡನ್ನು ಸರ್ಕಾರದ ಬಳಿ ಬಿಟ್ಟುಬಿಡುತ್ತಿದ್ದಾರೆಂಬುದು ನನಗೆ ನೋವಿನ ಸಂಗತಿ.

ಹೋಬಳಿಯಲ್ಲೇ ಕಲಿಯಲಿ

ಇವೆಲ್ಲ ಕಷ್ಟದ ವಿದ್ಯೆಯಲ್ಲ, ಆದರೆ ಹೇಳಿಕೊಡುವವರಿಲ್ಲ. ಹೋಬಳಿ ಮಟ್ಟದ ಸಣ್ಣ ಶಾಖೆಗಳಲ್ಲಿ ವಿದೇಶಿ ವಿನಿಮಯದ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ‘ತುಮಕೂರಿಗೆ ಹೋಗಿ, ಇಲ್ಲಾಂದ್ರೆ ಬೆಂಗಳೂರಿಗೆ’ ಎನ್ನುತ್ತಾರೆ. ಸಿಬ್ಬಂದಿಯನ್ನು ದೂರುವ ಮಾತಲ್ಲ ಇದು. ಬೆಳೆಸಾಲ, ಪಿಂಚಣಿ, ಸಂಘಗಳ ಖಾತೆ ನೋಡುವುದರಲ್ಲೇ ಅವರ ದಿನ ಸವೆಯುತ್ತದೆ. ಆದರೂ ಕಾರ್ಡ್ ಚಾಲೂ ಮಾಡಿಸುವುದು, ಪಿನ್ ಹಾಕಿಸುವುದು, ಮೊಬೈಲ್ ನಂಬರ್ ಸರಿಪಡಿಸುವುದು ಇಲ್ಲೇ ಆಗುವ ಕೆಲಸ. ಬ್ಯಾಂಕುಗಳು ಹಳ್ಳಿಗಳಲ್ಲಿ ನಡೆಸುವ ಆರ್ಥಿಕ ಸಾಕ್ಷರತಾ ಶಿಬಿರಗಳಲ್ಲಿ ಪರದೇಶಕ್ಕೆ ಹೋಗುವವರಿಗೆಂದು ಒಂದು ಗಂಟೆ ಮೀಸಲಿಡಬಾರದೇಕೆ? ಕನ್ನಡದಲ್ಲಿ ಒಂದು ಪುಟದ ಚೀಟಿ ಅಚ್ಚು ಹಾಕಿಸಿ ಕೊಡಬಾರದೇಕೆ? ಯಾತ್ರೆ ಕರೆದೊಯ್ಯುವ ಏಜೆಂಟರು, ಡೀಲರುಗಳನ್ನು ಕರೆದೊಯ್ಯುವ ಕಂಪನಿಗಳೂ ಊಟ-ವಸತಿಯ ಪಟ್ಟಿಯ ಜೊತೆ ಇದನ್ನೂ ಹೇಳಬೇಕು.

ಮಕ್ಕಳಿಗೆ ನನ್ನ ಕೋರಿಕೆ ಇದು. ಅಮ್ಮನಿಗೆ ಟಿಕೆಟ್ ಕಾಯ್ದಿರಿಸುವ ದಿನವೇ ಅವರ ಹೆಸರಿನಲ್ಲಿ ಕಾರ್ಡ್ ಮಾಡಿಸಿ. ಪಿನ್ನನ್ನು ಅವರೇ ಆರಿಸಲಿ, ಅವರಿಗೆ ಮಾತ್ರ ಗೊತ್ತಿರಲಿ. ಅವರನ್ನು ತುಮಕೂರಿನ ಎಟಿಎಂಗೆ ಕರೆದುಕೊಂಡು ಹೋಗಿ ಊರಿನ ಬ್ಯಾಂಕಿನ ಕಾರ್ಡನ್ನು ಅವರ ಕೈಯಿಂದಲೇ ನಾಲ್ಕಾರು ಸಲ ಬಳಸಿ ನೋಡಿಸಿ, ಅಂಗಡಿಯಲ್ಲಿ ಕಾರ್ಡ್ ತಾಗಿಸಿ ಕೊಡುವುದನ್ನೂ ತೋರಿಸಿ. ಫಾರೆಕ್ಸ್ ಕಾರ್ಡ್ ಇಲ್ಲಿ ನಡೆಯುವುದಿಲ್ಲ, ಆದರೆ ಯಂತ್ರದ ಭಯ ಇಲ್ಲೇ ಹೋಗಿರುತ್ತದೆ. ಸ್ವಲ್ಪ ನೋಟು ಕೈಚೀಲದಲ್ಲಿ, ಒಂದು ಕಾರ್ಡ್ ಪರ್ಸಿನಲ್ಲಿ, ಇನ್ನೊಂದು ಕಾರ್ಡ್ ಬೇರೆ ಚೀಲದಲ್ಲಿ ಇರಲಿ. ಕಾರ್ಡ್ ಕಳೆದರೆ ಕರೆ ಮಾಡಬೇಕಾದ ನಂಬರನ್ನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಡಿ, ಫೋನೇ ಕಳೆದರೆ ಫೋನಿನೊಳಗಿನ ನಂಬರಿನಿಂದ ಏನುಪಯೋಗ? ತಪ್ಪು ನಮ್ಮದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಬೇರೆಯವರು ಖಾತೆಗೆ ಕನ್ನ ಹಾಕಿದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ ಎಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿದೆ. ಅದಕ್ಕೇ ಮೆಸೇಜು ಬಂದರೆ ಓದದೆ ಬಿಡಬೇಡಿ ಎಂದು ಹೇಳಿಕೊಡಿ.

ಅಮ್ಮಂದಿರಿಗೂ ಒಂದು ಮಾತು. ‘ನನಗ್ಯಾಕವ್ವ ಇದೆಲ್ಲಾ’ ಎನ್ನಬೇಡಿ. ಸಂಘದ ಪುಸ್ತಕ ಬರೆದವರು, ಡೇರಿಯಲ್ಲಿ ಫ್ಯಾಟಿನ ಲೆಕ್ಕಕ್ಕೆ ವಾದ ಮಾಡಿದವರು ನೀವು. ನಾಲ್ಕಂಕಿಯ ಪಿನ್ ನಿಮಗೆ ದೊಡ್ಡದಲ್ಲ. ವಿಮಾನದ ಟಿಕೆಟ್ ಕೈಗೆ ಬಂದ ವಾರವೇ ಬ್ಯಾಂಕಿಗೆ ಹೋಗಿ, ಲಕೋಟೆಯೊಳಗಿನ ಆ ಕಾರ್ಡನ್ನು ಮುಂದಿಟ್ಟು ಕೇಳಿ: ಇದು ಪರದೇಶದಲ್ಲಿ ನಡೆಯುತ್ತದೆಯೇ, ಇಲ್ಲವಾದರೆ ನಡೆಯುವಂಥದ್ದನ್ನು ಕೊಡಿ.